ಹಂಚಿನ ಕಾರ್ಖಾನೆ 1860ರದ್ದಾ, 1865ರದ್ದಾ? ಲೈಬ್ರರಿಯಲ್ಲಿ ಹುಡುಕುವುದು ಹೀಗೆ

ಪ್ರಶ್ನೆ: ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಮಂಗಳೂರು ಹಂಚಿನ ಇತಿಹಾಸದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಹದಿನಾಲ್ಕು ವೆಬ್‌ಸೈಟ್ ನೋಡಿ ಮೂವತ್ತು ಪುಟ ಬರೆದೆ. ಗೈಡ್ ಮೇಡಂ ಅದನ್ನು ವಾಪಸ್ ಕೊಟ್ಟು, "ಇದರಲ್ಲಿ ಆಕರ ಎಲ್ಲಿದೆ? ಲೈಬ್ರರಿಗೆ ಹೋಗು" ಅಂದರು. ಮೊದಲ ಕಾರ್ಖಾನೆಯ ವರ್ಷ ಒಂದು ಕಡೆ 1860 ಅಂತಿದೆ, ಇನ್ನೊಂದು ಕಡೆ 1865 ಅಂತಿದೆ. ಯಾವುದನ್ನು ಬರೆಯಲಿ? ಇಷ್ಟು ದಿನ ನಾನು ಲೈಬ್ರರಿಗೆ ಹೋದದ್ದು ಪೇಪರ್ ಓದಲಿಕ್ಕೆ, ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲಿಕ್ಕೆ ಮಾತ್ರ. ಎಲ್ಲಿಂದ ಶುರು ಮಾಡಬೇಕು? ಕೊನೆಯಲ್ಲಿ ಆಕರಗಳನ್ನು ಬರೆಯುವುದು ಹೇಗೆ? ಪುಸ್ತಕದ ಪುಟಗಳ ಫೋಟೊ ತೆಗೆಯಬಹುದಾ?

ಉತ್ತರ: ಆ ಎರಡು ವರ್ಷಗಳ ಗೊಂದಲ ಇದೆಯಲ್ಲ, ನಿಮ್ಮ ಪ್ರಾಜೆಕ್ಟಿನ ಒಳ್ಳೆಯ ಭಾಗವೇ ಅದು. ಜಾಸ್ತಿ ಮಂದಿ ಅದನ್ನು ಗಮನಿಸುವುದೇ ಇಲ್ಲ. ಮೊದಲು ಸಿಕ್ಕಿದ ವರ್ಷವನ್ನು ಬರೆದು ಮುಂದೆ ಹೋಗುತ್ತಾರೆ. ನೀವು ನಿಂತು ನೋಡಿದಿರಿ. ಅಲ್ಲಿಂದಲೇ ಹೊರಡುವ.

ನಮ್ಮ ಊರ ಕಡೆ ಯಾರಾದರೂ ಒಂದು ಸುದ್ದಿ ತಂದರೆ ಹಿರಿಯರು ಕೇಳುವುದು ಎರಡೇ ಮಾತು. "ಯಾರು ಹೇಳಿದ್ದು ಮಾರಾಯ? ಅವನಿಗೆ ಹೇಗೆ ಗೊತ್ತು?" ನಾನು ಮಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದೇನೆ. ಆಕರ ಹುಡುಕುವುದು, ತೂಗಿ ನೋಡುವುದು, ಹೆಸರಿಸುವುದು, ಮೂರೂ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿವೆ.

ನಿಮ್ಮ ಹದಿನಾಲ್ಕು ವೆಬ್‌ಸೈಟುಗಳನ್ನೇ ಹಾಗೆ ಕೇಳಿ ನೋಡಿ. ಒಂದು ಪುಟದಿಂದ ಸ್ವಲ್ಪ ವಿಶೇಷವಾದ ವಾಕ್ಯ ಆರಿಸಿಕೊಳ್ಳಿ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅದೇ ವಾಕ್ಯ, ಅದೇ ಕಾಗುಣಿತದ ತಪ್ಪಿನ ಸಮೇತ, ಬೇರೆ ಕಡೆಗಳಲ್ಲೂ ಕಂಡರೆ ಒಬ್ಬರು ಬರೆದದ್ದನ್ನು ಉಳಿದವರು ಎತ್ತಿಕೊಂಡಿದ್ದಾರೆ ಎಂದರ್ಥ. ಆಗ ನಿಮ್ಮ ಹತ್ತಿರ ಹದಿನಾಲ್ಕು ಸಾಕ್ಷಿ ಇಲ್ಲ. ಒಂದೋ ಎರಡೋ ಇದೆ, ಅಷ್ಟೇ. ಎಷ್ಟು ಸೈಟು 1860 ಎಂದವು, ಎಷ್ಟು 1865 ಎಂದವು ಎಂದು ಓಟು ಎಣಿಸಿ ತೀರ್ಮಾನ ಮಾಡಬೇಡಿ. ಪ್ರತಿ ವರ್ಷದ ಬೆನ್ನು ಹಿಡಿದು ಹಿಂದಕ್ಕೆ ಹೋಗಬೇಕು, ಅದನ್ನು ಮೊದಲು ಬರೆದವರು ಸಿಗುವ ತನಕ.

ಹಾಗೆ ಹಿಂದಕ್ಕೆ ಹೋಗುವ ದಾರಿ ಶುರುವಾಗುವುದು ಲೈಬ್ರರಿಯಲ್ಲಿ. ಅಲ್ಲಿ ಮೊದಲು ಹೋಗಬೇಕಾದದ್ದು ಕಂಪ್ಯೂಟರಿನ ಮುಂದೆ ಅಲ್ಲ, ಕಪಾಟಿನ ಮುಂದೆಯೂ ಅಲ್ಲ. ಕೌಂಟರಿನಲ್ಲಿ ಕೂತ ಲೈಬ್ರರಿಯನ್ ಹತ್ತಿರ ಹೋಗಿ. ತುಂಬ ಮಕ್ಕಳಿಗೆ ಇದಕ್ಕೆ ಸಂಕೋಚ. "ಅವರು ಬ್ಯುಸಿ ಇದ್ದಾರೆ, ಪೆದ್ದು ಪ್ರಶ್ನೆ ಕೇಳಿದರೆ ಏನಂದುಕೊಳ್ಳುತ್ತಾರೋ" ಅಂತ. ನೋಡಿ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಬಂದವರು. ಹಂಪನಕಟ್ಟೆಯ ಈಗಿನ ಯೂನಿವರ್ಸಿಟಿ ಕಾಲೇಜೇ ಅದು. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ಒಂದು, ಓದುಗರ ಸಮಯ ಉಳಿಸಬೇಕು ಎಂಬುದು. ನೀವು ಕೇಳುವುದು ಉಪಕಾರವಲ್ಲ, ಅದು ನಮ್ಮ ಕೆಲಸ. ಕೇಳದೆ ಹೋದ ಹುಡುಗರ ಬಗ್ಗೆಯೇ ನನಗೆ ಇವತ್ತಿಗೂ ಬೇಸರ ಇರುವುದು. ಬೇಕಾದ ಪುಸ್ತಕ ಹತ್ತು ಅಡಿ ದೂರದಲ್ಲಿತ್ತು, ಸುಮ್ನೆ ವಾಪಸ್ ಹೋದರು.

ಕೇಳುವಾಗ "ಸರ್, ಹಂಚಿನ ಬಗ್ಗೆ ಏನಾದರೂ ಉಂಟಾ?" ಎಂದರೆ ಸಾಲದು. ಪ್ರಶ್ನೆಯನ್ನು ಹರಿತ ಮಾಡಿಕೊಂಡು ಹೋಗಿ. ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದವರು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು. "ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಯಾವಾಗ ಶುರು ಮಾಡಿದರು, ಆ ಕಾಲದ ದಾಖಲೆ ಬೇಕು" ಎಂದು ಕೇಳಿ. ಮೊದಲ ಪ್ರಶ್ನೆಗೆ ಅವರು ಕಪಾಟು ತೋರಿಸುತ್ತಾರೆ. ಎರಡನೆಯದಕ್ಕೆ ಕುರ್ಚಿಯಿಂದ ಎದ್ದು ಬರುತ್ತಾರೆ.

ಆಮೇಲೆ ಕ್ಯಾಟಲಾಗ್. ಈಗ ಎಲ್ಲ ಕಡೆ ಓಪ್ಯಾಕ್ ಅನ್ನುವ ಕಂಪ್ಯೂಟರ್ ಕ್ಯಾಟಲಾಗ್ ಇದೆ. ಕೆಲವು ಕಾಲೇಜಿನಲ್ಲಿ ಕೋಹಾ, ಕೆಲವು ಕಡೆ ಸೋಲ್, ಕೆಲವು ಕಡೆ ಇ-ಗ್ರಂಥಾಲಯ. ಹೆಸರು ಯಾವುದಾದರೂ ಕೆಲಸ ಒಂದೇ. ಅದು ಗೂಗಲ್ ಥರ ಅಲ್ಲ, ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಊಹಿಸುವುದಿಲ್ಲ. ಇಡೀ ವಾಕ್ಯ ಟೈಪ್ ಮಾಡಿದರೆ ಸೊನ್ನೆ ಬರುತ್ತದೆ. ಒಂದು ಅಥವಾ ಎರಡು ಪದ ಹಾಕಿ. ಆ ಪದಗಳನ್ನು ಬದಲಿಸುತ್ತಾ ಹೋಗಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಿಲ್ಲೆಯ ಮಕ್ಕಳು ಹೆಚ್ಚು ಎಡವುವುದು ಇಲ್ಲೇ. "ಮಂಗಳೂರು ಹೆಂಚು" ಎಂದು ಹುಡುಕಿದಿರಿ, ಏನೂ ಬರಲಿಲ್ಲ. ಪುಸ್ತಕ ಇಲ್ಲ ಎಂದುಕೊಂಡಿರಿ. ಆದರೆ ನಾವು ಹೇಳುವುದು ಹಂಚು, ಬೆಂಗಳೂರಿನ ಪುಸ್ತಕದಲ್ಲಿ ಇರುವುದು ಹೆಂಚು. ಎರಡನ್ನೂ ಹಾಕಿ ನೋಡಿ. ಕೆಲವು ಲೈಬ್ರರಿಗಳಲ್ಲಿ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ಹಳೆಯ ಎಂಟ್ರಿಗಳನ್ನು ಯುನಿಕೋಡ್ ಬರುವ ಮೊದಲು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಇವತ್ತು ನೀವು ಮೊಬೈಲಿನಲ್ಲಿ ಟೈಪ್ ಮಾಡಿದ ಕನ್ನಡ ಅದಕ್ಕೆ ತಾಳೆಯೇ ಆಗುವುದಿಲ್ಲ. ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಆಗ ಲೇಖಕರ ಹೆಸರಿನಿಂದ ಹುಡುಕಿ, ಇಲ್ಲವೇ ಆ ವಿಷಯದ ಕಪಾಟಿಗೇ ಹೋಗಿ ಕಣ್ಣಾಡಿಸಿ.

ಊರಿನ ಹೆಸರಿನ ಕಥೆ ಇನ್ನೂ ದೊಡ್ಡದು. "ಮಂಗಳೂರು" ಎಂಬ ಹೆಸರು ಇಂಗ್ಲಿಷಿನಲ್ಲೂ ಅಧಿಕೃತ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಮ್ಯಾಂಗಲೋರ್. ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆದ್ದರಿಂದ 1970ರ ಪುಸ್ತಕದಲ್ಲಿ ಉಡುಪಿ ಜಿಲ್ಲೆ ಎಂದು ಹುಡುಕಿದರೆ ಸಿಗುವುದಾದರೂ ಹೇಗೆ? ಅಲ್ಲಿ ಅದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬ್ರಿಟಿಷರ ಕಾಲದ್ದಾದರೆ "ಸೌತ್ ಕೆನರಾ" ಎಂದು ಹುಡುಕಿ. ಕೆನರಾ ಜಿಲ್ಲೆ ಎರಡಾಗುವುದಕ್ಕೂ ಹಿಂದಿನದ್ದಾದರೆ ಬರೀ "ಕೆನರಾ". ಉತ್ತರ ಕೆನರಾ ಬೊಂಬಾಯಿಗೆ ಹೋದದ್ದು 1862ರಲ್ಲಿ. ನಾವು 1956ರ ನವೆಂಬರ್ 1ರ ತನಕ ಮದ್ರಾಸಿನ ಕೆಳಗೇ ಇದ್ದೆವು. ನಮ್ಮ ಜಿಲ್ಲೆಯ ಹಳೆಯ ಸರ್ಕಾರಿ ವರದಿಗಳು ಮೈಸೂರಿನ ಹೆಸರಿನಲ್ಲಿ ಸಿಗದೆ ಮದ್ರಾಸಿನ ಹೆಸರಿನಲ್ಲಿ ಸಿಗುವುದು ಇದೇ ಕಾರಣಕ್ಕೆ. ಬಾಸೆಲ್ ಮಿಶನ್ನಿಗೆ ಕೋಝಿಕ್ಕೋಡಿನ ಕಡೆಯೂ ಹಂಚಿನ ಕಾರ್ಖಾನೆಗಳಿದ್ದವು. ಹಾಗಾಗಿ "ಮಲಬಾರ್" ಎಂಬ ಪದವನ್ನೂ ನಿಮ್ಮ ಪಟ್ಟಿಗೆ ಸೇರಿಸಿ. ಒಂದು ಹಾಳೆಯಲ್ಲಿ ಈ ಎಲ್ಲ ಪದಗಳನ್ನೂ ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿ.

ಪುಸ್ತಕ ಸಿಕ್ಕಿದರೆ ಅದರ ಕಾಲ್ ನಂಬರ್, ಅಂದರೆ ಕಪಾಟಿನಲ್ಲಿ ಅದರ ಜಾಗ ಹೇಳುವ ನಂಬರ್, ಬರೆದುಕೊಳ್ಳಿ. ನಮ್ಮ ಕಡೆ ಹೆಚ್ಚಿನ ಕಾಲೇಜುಗಳು, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯನ್ನೇ ಬಳಸುತ್ತವೆ. 1876ರಲ್ಲಿ ಬಂದದ್ದು, ಇವತ್ತಿಗೂ ನಡೆಯುತ್ತಿದೆ. ಇದರಲ್ಲಿ ನಿಮ್ಮ ವಿಷಯ ಒಂದೇ ಕಪಾಟಿನಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ಮಿಶನರಿಗಳ ಇತಿಹಾಸ 266ರಲ್ಲಿ, ಅಂದರೆ ಧರ್ಮದ ಸಾಲಿನಲ್ಲಿ. ಕೈಗಾರಿಕೆ 338ರಲ್ಲಿ, ಅರ್ಥಶಾಸ್ತ್ರದ ಜೊತೆ. ಮಣ್ಣು ಸುಟ್ಟು ಹಂಚು ಮಾಡುವ ತಾಂತ್ರಿಕ ವಿಷಯ 666ರಲ್ಲಿ. ಜಿಲ್ಲೆಯ ಚರಿತ್ರೆ 954ರ ಕೆಳಗೆ. ಹಂಚಿನ ಕಾರ್ಖಾನೆ ಬರುವ ಕಥೆ, ಕಾದಂಬರಿ 894ರಲ್ಲಿ, ಕನ್ನಡ ಸಾಹಿತ್ಯದ ಹತ್ತಿರ. ಇತಿಹಾಸದ ಕಪಾಟು ಮಾತ್ರ ನೋಡಿ ಬಂದರೆ ಐದರಲ್ಲಿ ನಾಲ್ಕು ಪಾಲು ಬಿಟ್ಟು ಬಂದ ಹಾಗೆ. ಒಂದು ಪುಸ್ತಕ ಸಿಕ್ಕಿದ ಮೇಲೆ ಅದರ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಪುಸ್ತಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಕ್ಕಪಕ್ಕದವರು ಸಂಬಂಧಿಕರೇ.

ಓದಲು ಶುರು ಮಾಡುವುದು ರೆಫರೆನ್ಸ್ ಸೆಕ್ಷನ್ನಿನಿಂದ ಆಗಲಿ. ಮನೆಗೆ ಕೊಡದ ಪುಸ್ತಕಗಳು ಎಂದು ನೀವು ಆ ಕಡೆ ಹೋಗಿಯೇ ಇರಲಿಕ್ಕಿಲ್ಲ. 1973ರ ಸೌತ್ ಕೆನರಾ ಜಿಲ್ಲಾ ಗೆಜೆಟಿಯರ್ ಕೇಳಿ. ಜಿಲ್ಲೆಯ ಎಲ್ಲ ವಿವರ ಇರುವ ಸರ್ಕಾರಿ ಗ್ರಂಥ ಅದು. ಅದರಲ್ಲಿ ಕೈಗಾರಿಕೆಗೆ ಬೇರೆ ಅಧ್ಯಾಯವೇ ಇದೆ. ಅದಕ್ಕೂ ಹಿಂದಿನದು ಮದ್ರಾಸ್ ಸರ್ಕಾರದ ಸೌತ್ ಕೆನರಾ ಮ್ಯಾನುವಲ್. ಜೆ. ಸ್ಟರಾಕ್ ಬರೆದ ಮೊದಲ ಸಂಪುಟ ಬಂದದ್ದು 1894ರಲ್ಲಿ. ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಸ್ಕ್ಯಾನ್ ಪ್ರತಿ ಹುಡುಕಿ.

ಈ ದೊಡ್ಡ ಪುಸ್ತಕಗಳಿಂದ ನಿಮಗೆ ಬೇಕಾದದ್ದು ಮಾಹಿತಿ ಮಾತ್ರ ಅಲ್ಲ, ಮುಂದಿನ ಸುಳಿವು. ಬರೆದವರು ಯಾವುದನ್ನು ನೋಡಿ ಬರೆದರು ಎಂಬುದನ್ನು ಅಡಿಟಿಪ್ಪಣಿಯಲ್ಲಿ, ಕೊನೆಯ ಗ್ರಂಥಋಣದಲ್ಲಿ ಹುಡುಕಿ. ಇದಕ್ಕೆ ಶೋಧಗಂಗಾದಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ಇನ್‌ಫ್ಲಿಬ್‌ನೆಟ್ ಕೇಂದ್ರದವರು ನಡೆಸುವ ಪಿಎಚ್.ಡಿ. ಪ್ರಬಂಧಗಳ ಭಂಡಾರ ಅದು. ಲಾಗಿನ್ ಬೇಡ, ದುಡ್ಡು ಬೇಡ. ಪ್ರಬಂಧವನ್ನು ಅಲ್ಲಿ ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್ ಮಾಡಿ ಹಾಕಿರುತ್ತಾರೆ. ಎಲ್ಲರೂ ಮೊದಲ ಅಧ್ಯಾಯ ತೆರೆಯುತ್ತಾರೆ. ನೀವು ಕೊನೆಯ ಫೈಲ್ ತೆರೆಯಿರಿ, ಬಿಬ್ಲಿಯೋಗ್ರಫಿ. ಬಾಸೆಲ್ ಮಿಶನ್ನಿನ ಮೇಲೆ ಒಬ್ಬರು ನಾಲ್ಕೈದು ವರ್ಷ ಕೂತು ಹುಡುಕಿದ್ದರ ಪಟ್ಟಿ ಐದು ನಿಮಿಷದಲ್ಲಿ ನಿಮ್ಮ ಮುಂದೆ ಇರುತ್ತದೆ. ಅದರಲ್ಲಿ ಪದೇ ಪದೇ ಬರುವ ಹೆಸರುಗಳಿಗೆ ಗುರುತು ಹಾಕಿ. ಆ ಪುಸ್ತಕಗಳನ್ನು ನಿಮ್ಮ ಓಪ್ಯಾಕ್‌ನಲ್ಲಿ ಹುಡುಕಿ. ಮೂರು ಪ್ರಬಂಧಗಳ ಪಟ್ಟಿಯನ್ನು ಹೀಗೆ ನೋಡಿದರೆ ಈ ವಿಷಯದಲ್ಲಿ ಯಾರನ್ನು ಓದದೆ ಇರಬಾರದು ಎಂದು ನಿಮಗೇ ಗೊತ್ತಾಗುತ್ತದೆ.

ಆನ್‌ಲೈನ್ ಸಂಶೋಧನಾ ಪತ್ರಿಕೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜುಗಳಿಗೆ ಇಂಥ ಪತ್ರಿಕೆ, ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆಗೆ ನಿಮ್ಮ ಕಾಲೇಜು ಸದಸ್ಯ ಆಗಿದ್ದರೆ ವಿದ್ಯಾರ್ಥಿಗಳಿಗೂ ಲಾಗಿನ್ ಸಿಗುತ್ತದೆ. ಲೈಬ್ರರಿಯಲ್ಲಿ ಹೆಸರು, ಇಮೇಲ್ ಕೊಟ್ಟರೆ ಸಾಕು, ಆಮೇಲೆ ಮನೆಯಿಂದಲೂ ನೋಡಬಹುದು. 2025ರ ಜನವರಿ 1ರಿಂದ ಒಂದು ದೇಶ ಒಂದು ಚಂದಾ ಯೋಜನೆ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿವೆ. ಸದ್ಯ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ನಿಮ್ಮ ಕಾಲೇಜಿಗೆ ಉಂಟಾ ಎಂದು ಕೌಂಟರಿನಲ್ಲೇ ಕೇಳಿ. ಖರಗಪುರ ಐಐಟಿಯವರ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲರಿಗೂ ತೆರೆದಿದೆ.

ಆದರೆ ನಿಮ್ಮ ವಿಷಯಕ್ಕೆ ಇದೆಲ್ಲಕ್ಕಿಂತ ದೊಡ್ಡ ಸಂಪತ್ತು ನಮ್ಮ ಊರಲ್ಲೇ ಉಂಟು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮುದ್ರಣಾಲಯದಿಂದಲೇ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಟಿತು, ಕನ್ನಡದ ಮೊದಲ ಪತ್ರಿಕೆ. ಮುದ್ರಣಾಲಯದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬವರೇ ಇಲ್ಲಿನ ಆವೆ ಮಣ್ಣಿನಲ್ಲಿ ಹಂಚಿನ ಪ್ರಯೋಗ ಮಾಡಿದವರು. ಇಂಥವರ ಕಾಗದಪತ್ರ ಎಲ್ಲಿರುತ್ತದೆ? ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಪುಸ್ತಕ, ದಾಖಲೆಗಳಿವೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಆರ್ಕೈವ್ಸ್‌ನ ಫೋಟೊ, ನಕ್ಷೆಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಆ ಕಾಲದ ಕನ್ನಡ, ತುಳು, ಮಲಯಾಳಂ ಪುಸ್ತಕಗಳಿವೆ. ನಿಮಗೆ ಹತ್ತಿರ ಎಂದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ. ಆರು ಸಂಪುಟದ ತುಳು ನಿಘಂಟು ಹೊರಬಂದ ಜಾಗ ಅದು. ಕೊಣಾಜೆಯ ವಿಶ್ವವಿದ್ಯಾಲಯದ ಲೈಬ್ರರಿಯೂ ಇದೆ. ಹೊರಗಿನ ಕಾಲೇಜಿನವರು ಹೋಗುವುದಾದರೆ ನಿಮ್ಮ ಪ್ರಿನ್ಸಿಪಾಲರಿಂದ, ಇಲ್ಲವೇ ಲೈಬ್ರರಿಯನ್‌ರಿಂದ ಒಂದು ಪತ್ರ ತೆಗೆದುಕೊಂಡು ಹೋಗಿ. ಮೊದಲೇ ಫೋನ್ ಮಾಡಿ ಏನು ಬೇಕು ಎಂದು ತಿಳಿಸಿದರೆ ಅವರು ತೆಗೆದಿಟ್ಟಿರುತ್ತಾರೆ.

ಈಗ ತೂಗಿ ನೋಡುವ ಕೆಲಸ. ಇದನ್ನು ಯಾವ ಸಾಫ್ಟ್‌ವೇರೂ ನಿಮಗಾಗಿ ಮಾಡಿಕೊಡುವುದಿಲ್ಲ.

ಬಾಸೆಲ್ ಮಿಶನ್ನಿನ ಒಂದು ವಾರ್ಷಿಕ ವರದಿ ನಿಮ್ಮ ಕೈಗೆ ಬಂತು ಎಂದಿಟ್ಟುಕೊಳ್ಳಿ. ಕಾರ್ಖಾನೆ ನಡೆಸಿದವರೇ, ಆ ವರ್ಷವೇ ಬರೆದದ್ದು. ಯಾರು ಹೇಳಿದ್ದು, ಹೇಗೆ ಗೊತ್ತು, ಎರಡಕ್ಕೂ ಗಟ್ಟಿ ಉತ್ತರ ಇದೆ. ವರ್ಷ, ಜಾಗ, ಏನು ಕಟ್ಟಿದರು ಎಂಬ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಆದರೆ ಈ ವರದಿ ಓದಬೇಕಾಗಿದ್ದವರು ಯಾರು? ಮಿಶನ್ನಿಗೆ ದೇಣಿಗೆ ಕೊಡುವವರು. ಅವರಿಗೆ ಒಳ್ಳೆಯ ಸುದ್ದಿ ಬೇಕು. ಹಾಗಾದರೆ ಕೆಲಸಗಾರರು ಸಂತೋಷವಾಗಿದ್ದರು ಎಂದು ಅದರಲ್ಲಿ ಬರೆದಿದ್ದರೆ ಅದನ್ನು ಅಷ್ಟೇ ಗಟ್ಟಿ ಎಂದು ತೆಗೆದುಕೊಳ್ಳಬಹುದಾ? ಆಗುವುದಿಲ್ಲ. ಆವೆ ಮಣ್ಣು ತುಳಿದವರ, ಗೂಡಿನ ಬಿಸಿಯಲ್ಲಿ ನಿಂತವರ ಮಾತು ಅಲ್ಲಿಲ್ಲ. ಒಂದೇ ಪುಟ, ಒಂದು ವಿಷಯಕ್ಕೆ ಒಳ್ಳೆಯ ಆಕರ, ಇನ್ನೊಂದಕ್ಕೆ ಅರೆಬರೆ ಆಕರ. "ಈ ಪುಸ್ತಕ ಒಳ್ಳೆಯದಾ?" ಎಂದು ಮಕ್ಕಳು ನನ್ನನ್ನು ಕೇಳುತ್ತಿದ್ದರು. ಯಾವ ಮಾತಿಗೆ ಒಳ್ಳೆಯದು ಎಂದು ನಾನು ತಿರುಗಿ ಕೇಳುತ್ತಿದ್ದೆ.

1894ರ ಮ್ಯಾನುವಲ್ಲೂ ಹಾಗೆಯೇ. ಆಡಳಿತ ನಡೆಸಲಿಕ್ಕೆ, ಕಂದಾಯ ವಸೂಲಿಗೆ ಬೇಕಾದ ಮಾಹಿತಿ ಅದರಲ್ಲಿ ಚೆನ್ನಾಗಿರುತ್ತದೆ. ಜಾತಿ, ಆಚಾರಗಳ ಬಗ್ಗೆ ಬರೆದದ್ದು ಒಬ್ಬ ಅಧಿಕಾರಿಯ ಕಣ್ಣಿಗೆ ಕಂಡದ್ದು. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಲಿಕ್ಕೆ ಸೊಗಸಾಗಿರುತ್ತದೆ, ಹೊಸ ಸುಳಿವನ್ನೂ ಕೊಡುತ್ತದೆ. ವರ್ಷಕ್ಕೆ ಅದನ್ನೇ ನಂಬಬೇಡಿ, ಬರೆದವರು ಎಲ್ಲಿಂದ ತೆಗೆದರು ಎಂದು ಅಲ್ಲಿ ಇರುವುದಿಲ್ಲ. ವಿಕಿಪೀಡಿಯ ನೋಡಬೇಡಿ ಎಂದು ನಾನು ಯಾವತ್ತೂ ಹೇಳಲಿಲ್ಲ. ಮೊದಲು ಅದನ್ನೇ ನೋಡಿ. ಆದರೆ ಪುಟದ ಕೆಳಗಿನ ಉಲ್ಲೇಖಗಳಿಗೆ ಇಳಿದು, ಆ ಮೂಲವನ್ನು ತೆರೆದು, ಅಲ್ಲಿ ನಿಜವಾಗಿ ಹಾಗೆ ಬರೆದಿದೆಯಾ ಎಂದು ನೋಡಿ. ಕೆಲವು ಸಲ ಮೂಲದಲ್ಲಿ ಬೇರೆಯೇ ಇರುತ್ತದೆ.

ಹಂಚನ್ನೇ ಕೈಗೆತ್ತಿಕೊಂಡು ನೋಡಿದ್ದೀರಾ? ಹಳೆಯ ಮನೆ ಕೆಡವಿದ ಕಡೆ ರಾಶಿ ಬಿದ್ದಿರುತ್ತದೆ. ಮಗುಚಿ ಹಾಕಿ, ಪಾಚಿ ಉಜ್ಜಿ. ಕಂಪನಿಯ ಹೆಸರು, ಊರು, ಗುರುತಿನ ಚಿತ್ರ ಮಣ್ಣಿನಲ್ಲೇ ಅಚ್ಚೊತ್ತಿರುತ್ತದೆ. ಅದೂ ಒಂದು ಆಕರ. ಅದರಲ್ಲಿ ವರ್ಷ ಇದ್ದರೆ ಖುಷಿಯಾಗುತ್ತದೆ, ಅಲ್ವಾ? ಅಲ್ಲೂ ಕೇಳಿ. ಆ ವರ್ಷ ಹಂಚು ಸುಟ್ಟ ವರ್ಷವಾ, ಕಂಪನಿ ಶುರುವಾದ ವರ್ಷವಾ? ಅಂಗಡಿಯ ಬೋರ್ಡಿನಲ್ಲಿ ಸ್ಥಾಪನೆಯ ವರ್ಷ ಬರೆದ ಹಾಗೆ ಹಂಚಿನ ಮೇಲೂ ಬರೆದಿರಬಹುದು.

ಈ ದೃಷ್ಟಿಯಿಂದ ನಿಮ್ಮ 1860, 1865ಕ್ಕೆ ವಾಪಸ್ ಬನ್ನಿ. ಪ್ರಯೋಗ ಶುರು ಮಾಡಿದ್ದು ಒಂದು ವರ್ಷ, ಕಾರ್ಖಾನೆ ಕಟ್ಟಿದ್ದು ಇನ್ನೊಂದು ವರ್ಷ, ಮಾರಾಟಕ್ಕೆ ಹಂಚು ಬಂದದ್ದು ಮತ್ತೊಂದು ವರ್ಷ ಆಗಿರಬಹುದು. "ಶುರು" ಎಂದು ಪ್ರತಿಯೊಬ್ಬರೂ ಯಾವುದನ್ನು ಕರೆದಿದ್ದಾರೆ ಎಂದು ನೋಡಿ. ಹಾಗಾಗಿ 1860ರಿಂದ 1866ರ ತನಕದ ಮಿಶನ್ನಿನ ವಾರ್ಷಿಕ ವರದಿಗಳನ್ನೇ ಸಾಲಾಗಿ ನೋಡಬೇಕು. ಹಂಚಿನ ಪ್ರಸ್ತಾಪ ಮೊದಲು ಯಾವ ವರದಿಯಲ್ಲಿ ಬರುತ್ತದೆ, ಯಾವ ಪದದಲ್ಲಿ ಬರುತ್ತದೆ ಎಂದು ಬರೆದುಕೊಳ್ಳಿ. ಇಷ್ಟು ಮಾಡಿದ ಮೇಲೂ ಒಂದು ವರ್ಷ ಗಟ್ಟಿಯಾಗದಿದ್ದರೆ ಹೆದರಬೇಡಿ. ಇಂಥ ಪುಸ್ತಕ ಇಂಥ ಪುಟದಲ್ಲಿ ಈ ವರ್ಷ ಕೊಡುತ್ತದೆ, ಇಂಥ ವರದಿ ಇಂಥ ಪುಟದಲ್ಲಿ ಆ ವರ್ಷ ಕೊಡುತ್ತದೆ, ನಾನು ಇದನ್ನು ಒಪ್ಪಿದ್ದೇನೆ, ಕಾರಣ ಇದು. ಹೀಗೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಮೇಡಂ ಮೂವತ್ತು ಪುಟದಲ್ಲಿ ಹುಡುಕಿದ್ದು ಇಂಥ ನಾಲ್ಕು ಸಾಲನ್ನೇ.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ಎಐ ಚಾಟ್‌ಬಾಟ್ ಕೊಡುವ ರೆಫರೆನ್ಸ್. ಇತ್ತೀಚೆಗೆ ಒಬ್ಬಳು ಹುಡುಗಿ ಪಟ್ಟಿ ಹಿಡಿದುಕೊಂಡು ಬಂದಳು. ಲೇಖಕರು, ಪತ್ರಿಕೆ, ಸಂಪುಟ, ಪುಟ ಸಂಖ್ಯೆ, ಎಲ್ಲ ಇತ್ತು. ಆ ಪತ್ರಿಕೆ ನಿಜವಾಗಿಯೂ ಇದೆ. ಇಬ್ಬರೂ ಕೂತು ಆ ಸಂಪುಟ ತೆರೆದು ಆ ಪುಟಕ್ಕೆ ಹೋದೆವು. ಅಲ್ಲಿ ಇದ್ದದ್ದು ಬೇರೆ ಯಾರದೋ ಲೇಖನ, ಬೇರೆ ವಿಷಯ. ಹಾಗೆ ಅವಳ ಪಟ್ಟಿಯಲ್ಲಿ ಮೂರು ಲೇಖನ ಲೋಕದಲ್ಲೇ ಇರಲಿಲ್ಲ. ಪಾಪ, ಅವಳಿಗೆ ಅಳು ಬಂತು. ಅವಳು ಮೋಸ ಮಾಡಲು ಹೊರಟವಳಲ್ಲ, ನಂಬಿದವಳು. ಹುಡುಕುವ ಪದಗಳನ್ನು ಯೋಚಿಸಲಿಕ್ಕೆ ಚಾಟ್‌ಬಾಟ್ ಕೇಳಿ, ಪರವಾಗಿಲ್ಲ. ಆದರೆ ಕಣ್ಣಾರೆ ನೋಡದ ಆಕರ ನಿಮ್ಮ ಪಟ್ಟಿಯಲ್ಲಿ ಒಂದೂ ಇರಬಾರದು. ಲೇಖನಕ್ಕೆ ಡಿಒಐ ಸಂಖ್ಯೆ, ಅಂದರೆ ಆ ಒಂದು ಲೇಖನವನ್ನೇ ಗುರುತಿಸುವ ನಂಬರ್, ಇದ್ದರೆ ಅದನ್ನು ಡಿಒಐ ಸೈಟಿನಲ್ಲಿ ಹಾಕಿ ನೋಡಿ, ಅದೇ ಲೇಖನಕ್ಕೆ ಹೋಗಬೇಕು.

ಇನ್ನೊಂದು, ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು. "ಐಎಸ್‌ಎಸ್‌ಎನ್ ಉಂಟು ಸರ್" ಎನ್ನುತ್ತಾರೆ. ಐಎಸ್‌ಎಸ್‌ಎನ್ ಎಂದರೆ ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಯ ನಂಬರ್, ವಾಹನಕ್ಕೆ ನಂಬರ್ ಪ್ಲೇಟ್ ಇದ್ದ ಹಾಗೆ. ಚಾಲಕ ಹೇಗೆ ಓಡಿಸುತ್ತಾನೆ ಎಂದು ಪ್ಲೇಟ್ ಹೇಳುವುದಿಲ್ಲ. ಮೊದಲು ಯುಜಿಸಿ-ಕೇರ್ ಪಟ್ಟಿ, ಅಂದರೆ ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿ, ನೋಡಿ ಎನ್ನುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ನಿಲ್ಲಿಸಿತು. ಈಗ ನೀವೇ ನೋಡಬೇಕು. ಸಂಪಾದಕರು ನಿಜವಾಗಿ ಆ ವಿಷಯದವರಾ, ಲೇಖನವನ್ನು ಬೇರೆ ತಜ್ಞರು ಓದಿ ಒಪ್ಪುತ್ತಾರಾ, ಒಂದೇ ಸಂಚಿಕೆಯಲ್ಲಿ ಇತಿಹಾಸ, ಹೃದ್ರೋಗ, ಕಾಂಕ್ರೀಟು ಎಲ್ಲ ಒಟ್ಟಿಗೆ ಇದೆಯಾ? ಅನುಮಾನ ಬಂದರೆ ಲೈಬ್ರರಿಯನ್‌ಗೆ ತೋರಿಸಿ.

ಕೊನೆಗೆ ಆಕರ ಬರೆಯುವುದು. ಇದನ್ನು ಪ್ರಾಜೆಕ್ಟ್ ಮುಗಿದ ಮೇಲೆ ಮಾಡುವ ಕೆಲಸ ಎಂದುಕೊಂಡವರು ಸಲ್ಲಿಸುವ ಹಿಂದಿನ ರಾತ್ರಿ "ಈ ಸಾಲು ಎಲ್ಲಿಂದ ಬಂತು" ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಪುಸ್ತಕ ತೆರೆದ ಕೂಡಲೇ ಶೀರ್ಷಿಕೆ ಪುಟ ನೋಡಿ ಲೇಖಕರು, ಹೆಸರು, ಪ್ರಕಾಶಕರು, ಊರು, ವರ್ಷ ಬರೆದುಬಿಡಿ. ವರ್ಷ ಬರೆಯುವಾಗ ಹಿಂಬದಿಯ ಪುಟವನ್ನೂ ನೋಡಿ, ಮರುಮುದ್ರಣದ ವರ್ಷ ಬೇರೆ ಇರುತ್ತದೆ. ಪ್ರತಿ ಟಿಪ್ಪಣಿಯ ಪಕ್ಕದಲ್ಲಿ ಪುಟ ಸಂಖ್ಯೆ ಇರಲಿ. ಇದ್ದ ಹಾಗೆಯೇ ಇಳಿಸಿಕೊಂಡದ್ದಕ್ಕೆ ಉದ್ಧರಣ ಚಿಹ್ನೆ ಹಾಕಿ. ಇಲ್ಲದಿದ್ದರೆ ತಿಂಗಳ ನಂತರ ಅದು ನಿಮ್ಮದೇ ವಾಕ್ಯ ಎಂದು ನಿಮಗೇ ಅನಿಸುತ್ತದೆ.

ಆಕರ ಬರೆಯಲಿಕ್ಕೆ ಎಪಿಎ, ಎಂಎಲ್‌ಎ ಎಂಬ ಬೇರೆ ಬೇರೆ ಶೈಲಿಗಳಿವೆ. ನಿಮ್ಮದು ಯಾವುದು ಎಂದು ಗೈಡ್ ಹತ್ತಿರ ಕೇಳಿ. ಎಪಿಎ ಆದರೆ ಹೆಸರಿನ ಬೆನ್ನಿಗೇ ವರ್ಷ ಬರುತ್ತದೆ. ಎಂಎಲ್‌ಎ ಆದರೆ ವರ್ಷ ಪ್ರಕಾಶಕರ ನಂತರ. ಸ್ಟರಾಕ್ ಅವರ ಮ್ಯಾನುವಲ್ ಎಪಿಎ ಥರ ಬರೆದರೆ ಹೀಗಿರುತ್ತದೆ: ಸ್ಟರಾಕ್, ಜೆ. (1894). ಮದ್ರಾಸ್ ಡಿಸ್ಟ್ರಿಕ್ಟ್ ಮ್ಯಾನುವಲ್ಸ್: ಸೌತ್ ಕೆನರಾ (ಸಂಪುಟ 1). ಗವರ್ನಮೆಂಟ್ ಪ್ರೆಸ್. ಪಠ್ಯದ ಒಳಗೆ ಸ್ಟರಾಕ್, 1894, ಆಮೇಲೆ ಪುಟ. ಇಷ್ಟೇ. ಕನ್ನಡ ಹೆಸರುಗಳಲ್ಲಿ ಸ್ವಲ್ಪ ತೊಡಕಿದೆ. ನಮ್ಮಲ್ಲಿ ಊರು ಮೊದಲು, ಅಪ್ಪನ ಹೆಸರು ಮಧ್ಯದಲ್ಲಿ, ಮನೆತನ ಕೊನೆಗೆ ಬರುವುದುಂಟು. ಕೆಲವರಿಗೆ ಮನೆತನದ ಹೆಸರೇ ಇಲ್ಲ. ಭಟ್, ಶೆಟ್ಟಿ, ಡಿಸೋಜ ಎಂದು ತಿರುಗಿಸಿ ಬರೆದರೆ ಒಂದೇ ಪಟ್ಟಿಯಲ್ಲಿ ಹತ್ತು ಭಟ್ಟರಾಗುತ್ತಾರೆ. ಕನ್ನಡ ಪುಸ್ತಕಗಳಿಗೆ ಹೆಸರನ್ನು ಇದ್ದ ಹಾಗೆ ಬರೆಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ಶುರುವಿನಿಂದ ಕೊನೆ ತನಕ ಒಂದೇ ಕ್ರಮ ಇರಬೇಕು. ಝೊಟೆರೊ ಎಂಬ ಉಚಿತ ಸಾಫ್ಟ್‌ವೇರ್ ಕಲಿತರೆ ಈ ಕೆಲಸ ಹಗುರಾಗುತ್ತದೆ, ಕನ್ನಡ ಅಕ್ಷರವನ್ನೂ ಅದು ತೆಗೆದುಕೊಳ್ಳುತ್ತದೆ.

ಸ್ಟರಾಕ್ ಅವರನ್ನು ನೀವು ಓದಿಲ್ಲ, ಅವರ ಮಾತನ್ನು ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದೀರಿ ಎಂದಾದರೆ ಹಾಗೆಯೇ ಬರೆಯಿರಿ, ಇಂಥವರ ಪುಸ್ತಕದಲ್ಲಿ ಉಲ್ಲೇಖಿತ ಎಂದು. ಹಂಚಿನ ಕಾರ್ಖಾನೆಯಲ್ಲಿ ದುಡಿದ ಹಿರಿಯರನ್ನು ಮಾತಾಡಿಸಿದರೆ ಅದೂ ಆಕರವೇ. ಅವರ ಒಪ್ಪಿಗೆ ಕೇಳಿ, ಊರು ಮತ್ತು ಮಾತಾಡಿಸಿದ ದಿನಾಂಕ ಬರೆಯಿರಿ. ನಿಮ್ಮ ಹತ್ತಿರದ ಮಲ್ಪೆಯಲ್ಲೂ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಇತ್ತು. ಅಲ್ಲಿ ವಿಚಾರಿಸಿ ನೋಡಿ. ಮಿಶನ್ ವರದಿಯಲ್ಲಿ ಇಲ್ಲದ ಮಾತು ಅಂಥ ಮನೆಗಳಲ್ಲಿ ಸಿಗಬಹುದು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾವನ್ನು ಕನ್ನಡ ಮಾಡಿ ಹಾಕಿದರೆ ಅದು ನಿಮ್ಮದಾಗುವುದಿಲ್ಲ. "ಕಾಪಿ ಅಲ್ಲ ಸರ್, ನಾನೇ ಅನುವಾದ ಮಾಡಿದ್ದು" ಎಂದು ಎಷ್ಟು ಮಕ್ಕಳು ಹೇಳಿದ್ದಾರೆ! ವಾಕ್ಯ ನಿಮ್ಮದು, ವಿಚಾರ ಅವರದು. ಹೆಸರು ಹಾಕಲೇಬೇಕು. ಡ್ರಿಲ್‌ಬಿಟ್‌ನಂಥ ಕೃತಿಚೌರ್ಯ ಪತ್ತೆ ಸಾಫ್ಟ್‌ವೇರ್ ಇದನ್ನು ಹಿಡಿಯದೆ ಹೋಗಬಹುದು. ಸಂಶೋಧನಾ ಪ್ರಬಂಧಗಳಿಗೆ ಯುಜಿಸಿಯ 2018ರ ನಿಯಮ ಶೇಕಡಾ 10ರ ತನಕದ ಹೋಲಿಕೆಗೆ ದಂಡನೆ ಇಲ್ಲ ಎನ್ನುತ್ತದೆ. ಅದನ್ನು ಹತ್ತು ಶೇಕಡಾ ಕದಿಯಲು ಅನುಮತಿ ಎಂದು ಓದಬೇಡಿ. ಆ ಮಾತನ್ನು ಕಷ್ಟಪಟ್ಟು ಹುಡುಕಿದವರೊಬ್ಬರು ಇದ್ದಾರೆ, ಅವರ ಹೆಸರು ಅಲ್ಲಿರಬೇಕು.

ಇನ್ನು ಫೋಟೊ. ಸ್ವಂತ ಅಧ್ಯಯನಕ್ಕೆ, ಸಂಶೋಧನೆಗೆ ಬೇಕಾದ ಕೆಲವು ಪುಟಗಳನ್ನು ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಪುಸ್ತಕ ಅಲ್ಲ. 1894ರ ಮ್ಯಾನುವಲ್‌ನಂಥದಕ್ಕೆ ಕೃತಿಸ್ವಾಮ್ಯದ ಅವಧಿಯೇ ಮುಗಿದಿದೆ. ಆದರೂ ಆರ್ಕೈವ್ಸ್‌ನಲ್ಲಿ ಕೇಳದೆ ಮೊಬೈಲ್ ತೆಗೆಯಬೇಡಿ, ಅಲ್ಲಿ ಅವರದೇ ನಿಯಮ ಇರುತ್ತದೆ. ಫ್ಲ್ಯಾಶ್ ಬೇಡ. ನಮ್ಮ ಮಳೆಗಾಲದ ತೇವ ಕುಡಿದ ಕಾಗದ ಮೊದಲೇ ಮೆತ್ತಗಾಗಿರುತ್ತದೆ. ಬೆನ್ನು ಮುರಿಯುವ ಹಾಗೆ ಪುಸ್ತಕ ಅಗಲಿಸಬೇಡಿ, ಹತ್ತಿರ ಪೆನ್ನು ಇಡಬೇಡಿ, ಪೆನ್ಸಿಲ್ ತನ್ನಿ. ಮೊದಲ ಫೋಟೊ ಯಾವಾಗಲೂ ಶೀರ್ಷಿಕೆ ಪುಟದ್ದು. ಆಮೇಲೆ ಬೇಕಾದ ಪುಟ, ಪುಟ ಸಂಖ್ಯೆ ಕಾಣುವ ಹಾಗೆ. ಬಸ್ಸು ಹತ್ತುವ ಮೊದಲೇ ಆ ಫೋಟೊಗಳನ್ನು ಒಂದು ಫೋಲ್ಡರಿಗೆ ಹಾಕಿ ಪುಸ್ತಕದ ಹೆಸರು ಕೊಡಿ.